ಮೈಕ್ ಹಿಂದಿನವರು

ಕ್ವಿಯರ್ ಕಥೆ, ಕವಿತೆಗಳ ಓದು ಎಂದರೆ ಮೈಕ್ ಮುಂದೆ ನಿಂತವರಷ್ಟೇ ನೆನಪಾಗುತ್ತಾರೆ. ಬೆಂಗಳೂರಿನಲ್ಲಿ ನಾನು ಹೋಗುವ ಓದಿನ ಬಳಗದಲ್ಲಿ ನನಗೆ ದೊಡ್ಡವರು ಅನಿಸಿದ್ದು ಬೇರೆಯವರೇ. ಒಬ್ಬರು ಮೊದಲೇ ಹೋಗಿ, ಶೌಚಾಲಯದ ಬಾಗಿಲಲ್ಲಿ ಗಾಲಿಕುರ್ಚಿ ಹಿಡಿಸುತ್ತದೆಯೇ ಎಂದು ಟೇಪು ಹಿಡಿದು ಅಳೆಯುತ್ತಾರೆ. ಇನ್ನೊಬ್ಬರು ಲೇಖಕರ ಒಪ್ಪಿಗೆ ಪಡೆದು, ‘ನುಡಿ’ಯ ಹಳೆಯ ಫಾಂಟಿನಲ್ಲಿರುವ ಕಥೆಯನ್ನು ಯೂನಿಕೋಡ್‌ಗೆ ಬದಲಿಸಿ, ಕೆಟ್ಟ ಒತ್ತಕ್ಷರಗಳನ್ನು ಒಂದೊಂದಾಗಿ ತಿದ್ದಿ ಮೊದಲೇ ಕಳಿಸುತ್ತಾರೆ. ಹಾಗೆ ಮಾಡದಿದ್ದರೆ ಸ್ಕ್ರೀನ್ ರೀಡರ್ ಬಾಯಲ್ಲಿ ಬರುವುದು ಬರೀ ಗೊಣಗಾಟ!

ಇದೆಲ್ಲ ಸಣ್ಣ ಕೆಲಸ ಅನ್ನುವವರಿದ್ದಾರೆ. ಕಣ್ಣು ಕಾಣದ ನನಗೆ ತಮ್ಮ ಪಠ್ಯಪುಸ್ತಕ ಓದಿ ಹೇಳುತ್ತಾನೆ. ಗಂಡು ಗಂಡನ್ನೇ ಪ್ರೀತಿಸುವ ಕಥೆಯನ್ನು ಓದಿಕೊಡು ಎಂದು ಮನೆಯಲ್ಲಿ ಯಾರನ್ನು ಕೇಳಲಿ? ವಸುಧೇಂದ್ರರ ‘ಮೋಹನಸ್ವಾಮಿ’ 2013ರಲ್ಲೇ ಬಂತು. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರದ್ದು, 377ನೇ ಸೆಕ್ಷನ್ ಕುರಿತ ಸುಪ್ರೀಂ ಕೋರ್ಟ್ ತೀರ್ಪು 2018ರದ್ದು. ಅವೆಲ್ಲ ನನ್ನ ಕೈಗೆ ಸಿಕ್ಕಂತೆ ಅನಿಸಿದ್ದು ಆ ಫೈಲ್ ಮೊಬೈಲ್‌ಗೆ ಬಂದಾಗ.

ನಿಮ್ಮ ಕಾಲೇಜಿನಲ್ಲೂ ಇಂಥ ಓದು ನಡೆಸುವಿರಾ? ಹಾಗಾದರೆ ಸನ್ನೆ ಭಾಷೆಯವರ ಸಂಭಾವನೆಯನ್ನು ಬಜೆಟ್‌ನಲ್ಲಿ ಮೊದಲು ಬರೆಯಿರಿ. ಹಾರ, ಶಾಲು ದುಡ್ಡು ಉಳಿದರೆ ನೋಡೋಣ.