ತಣ್ಣಗಿರುವುದೆಲ್ಲ ಅಗ್ಗವಲ್ಲ

ಪ್ಲಾಸ್ಮಾದೊಳಗೆ ವೇಗವರ್ಧಕ ಇಟ್ಟರೆ ಕಡಿಮೆ ಉಷ್ಣತೆಯಲ್ಲೇ ಅಮೋನಿಯ ಸಿಗುತ್ತದೆ, ಆದ್ದರಿಂದ ಬಿಸಿ ಕಬ್ಬಿಣದ ವೇಗವರ್ಧಕದ ಮೇಲೆ ಅಮೋನಿಯ ತಯಾರಿಸುವ ಹೇಬರ್-ಬಾಷ್ ಕಾರ್ಖಾನೆಗಳ ಕಾಲ ಮುಗಿಯಿತು ಎಂದು ಕಳೆದ ಸಂಚಿಕೆಯ ಲೇಖಕರು ಬರೆದಿದ್ದಾರೆ. ಮೊದಲ ಮಾತು ನಿಜ. ಎರಡನೆಯದಕ್ಕೆ ಆಧಾರವೇ ಇಲ್ಲ.

ಪ್ಲಾಸ್ಮಾದಲ್ಲಿ ಅನಿಲ ತಣ್ಣಗಿದ್ದರೂ ಅದರೊಳಗಿನ ಎಲೆಕ್ಟ್ರಾನುಗಳ ಉಷ್ಣತೆ 10,000 ಡಿಗ್ರಿ ದಾಟಿರುತ್ತದೆ. ಅದಕ್ಕೆ ವಿದ್ಯುತ್ ಸುರಿಯಲೇಬೇಕು. ಸಾರಜನಕದ ತ್ರಿಬಂಧ ಮುರಿಯಲು ಮೋಲ್‌ಗೆ 945 ಕಿಲೋಜೂಲ್ ಬೇಕು. ಹೇಬರ್-ಬಾಷ್‌ನಲ್ಲಿ ಕಬ್ಬಿಣದ ಮೇಲ್ಮೈ ಅಣುವನ್ನು ಹಿಡಿದು ಈ ಕೆಲಸವನ್ನು ಹಗುರ ಮಾಡುತ್ತದೆ. ಪ್ಲಾಸ್ಮಾದಲ್ಲಿ ಎಲೆಕ್ಟ್ರಾನು ಸಾರಜನಕಕ್ಕೆ ಬಡಿಯುತ್ತದೆ, ಆಗಷ್ಟೇ ಹುಟ್ಟಿದ ಅಮೋನಿಯಕ್ಕೂ ಬಡಿದು ಅದನ್ನು ಒಡೆಯುತ್ತದೆ. ಈ ನಷ್ಟದ ಬಗ್ಗೆ ಲೇಖನದಲ್ಲಿ ಒಂದಕ್ಷರವೂ ಇಲ್ಲ! ಪ್ಲಾಸ್ಮಾದಲ್ಲಿ ಕಿಲೋ ಅಮೋನಿಯಕ್ಕೆ ಇಂದಿಗೂ ಹೇಬರ್-ಬಾಷ್‌ಗಿಂತ ಹಲವು ಪಟ್ಟು ಹೆಚ್ಚು ಶಕ್ತಿ ವ್ಯಯವಾಗುತ್ತಿದೆ.

ಇದು ಹೊಸ ಪಾಠವೇನಲ್ಲ. ನಾರ್ವೆಯ ನೊಟೊಡೆನ್‌ನಲ್ಲಿ 1905ರಲ್ಲಿ ಬಿರ್ಕೆಲ್ಯಾಂಡ್-ಐಡೆ ವಿಧಾನದ ಕಾರ್ಖಾನೆ ವಿದ್ಯುತ್ ಚಾಪದಿಂದ, ಅಂದರೆ ಒಂದು ಬಗೆಯ ಪ್ಲಾಸ್ಮಾದಿಂದಲೇ, ಗೊಬ್ಬರ ತಯಾರಿಸಿತು. ಅಗ್ಗದ ಜಲವಿದ್ಯುತ್ ಕೈಯಲ್ಲಿದ್ದೂ ಆ ವಿಧಾನ ಹೇಬರ್-ಬಾಷ್ ಎದುರು ಉಳಿಯಲಿಲ್ಲ.

ಪ್ಲಾಸ್ಮಾದ ನಿಜವಾದ ಬಲ ಬೇರೆ ಇದೆ. ಬಿಸಿಲು, ಗಾಳಿಯ ವಿದ್ಯುತ್ ಬಂದಾಗ ತಕ್ಷಣ ಹೊತ್ತಿಸಿ, ಹೋದಾಗ ಆರಿಸಬಹುದು. ಅದನ್ನು ಲೇಖಕರು ಹೇಳಲೇ ಇಲ್ಲ. ಮುಂದಿನ ಬಾರಿ ವೇಗವರ್ಧಕವನ್ನು ಹೊಗಳುವ ಮುನ್ನ ವೇಗವರ್ಧಕವಿಲ್ಲದ ಖಾಲಿ ಕೊಳವೆಯಲ್ಲಿ ಎಷ್ಟು ಅಮೋನಿಯ ಬಂತು, ಬರೀ ಅಲ್ಯುಮಿನಾ ಮಣಿಗಳಿದ್ದಾಗ ಎಷ್ಟು ಬಂತು, ಒಟ್ಟು ಎಷ್ಟು ವಿದ್ಯುತ್ ತಗುಲಿತು ಎಂಬುದನ್ನೂ ದಯವಿಟ್ಟು ಅಚ್ಚು ಹಾಕಲಿ.