ನಾಜಿಗೆ ಏನು ಉತ್ತರ?

ಈ ಸಂಚಿಕೆಗೆ ಬಂದ ಎರಡು ಲೇಖನಗಳು ಒಂದೇ ಪ್ರಶ್ನೆಯ ಮೇಲೆ ಜಗಳವಾಡುತ್ತವೆ: ಒಳಿತು ಕೆಡುಕುಗಳು ನಮ್ಮ ಇಷ್ಟಾನಿಷ್ಟ ಮೀರಿದ ಸತ್ಯವೇ, ನಾವೇ ಮಾಡಿಕೊಂಡ ಕಟ್ಟುಪಾಡೇ? ಲೇಖಕರಿಬ್ಬರನ್ನು ಅವರ ಪಾಡಿಗೆ ಬಿಟ್ಟು, ನನ್ನನ್ನು ಬಹುಕಾಲ ಕಾಡಿದ ಇನ್ನೊಂದು ಜೋಡಿಯ ಮಾತೆತ್ತುತ್ತೇನೆ. ಇಬ್ಬರೂ ಆಕ್ಸ್‌ಫರ್ಡಿನ ತತ್ವಜ್ಞಾನಿಗಳು; ಇಬ್ಬರನ್ನೂ ರೂಪಿಸಿದ್ದು ಎರಡನೆಯ ಮಹಾಯುದ್ಧ.

ಆರ್. ಎಂ. ಹೇರ್ 1942ರಲ್ಲಿ ಸಿಂಗಪುರ ಬಿದ್ದಾಗ ಜಪಾನೀಯರ ಸೆರೆಯಾಳಾದರು. ಥಾಯ್ಲೆಂಡ್-ಬರ್ಮಾ ರೈಲುಹಾದಿಯಲ್ಲಿ ದುಡಿದು ಜೀವ ಉಳಿಸಿಕೊಂಡರು. ಕ್ರೌರ್ಯವನ್ನು ಮೈಮೇಲೆ ಕಂಡವರು. ಆದರೂ ನೀತಿಯ ಮಾತು ಲೋಕದ ಸಂಗತಿಯೊಂದರ ವರದಿಯಲ್ಲ, 'ಹೀಗೆ ಮಾಡು' ಎಂಬ ವಿಧಿ ಎಂದು 1952ರಲ್ಲಿ ಬರೆದರು. ಒಂದು ಷರತ್ತು ಮಾತ್ರ: ಪರರಿಗೆ ವಿಧಿಸಿದ್ದನ್ನು ಅದೇ ಸ್ಥಿತಿಯಲ್ಲಿ ತನಗೂ ವಿಧಿಸಿಕೊಳ್ಳಬೇಕು. ಹಾಗಾದರೆ 'ನಾನೇ ಯೆಹೂದಿ ಎಂದು ಗೊತ್ತಾದರೆ ನನ್ನನ್ನೂ ಕೊಲ್ಲಿ' ಎನ್ನುವ ನಾಜಿಗೆ ಏನು ಹೇಳುವುದು? ಸಿದ್ಧಾಂತಕ್ಕೆ ತನ್ನನ್ನೇ ಬಲಿಕೊಡಲು ನಿಂತವನನ್ನು ತರ್ಕ ಸೋಲಿಸಲಾರದು ಎಂದು 1963ರ ಪುಸ್ತಕದಲ್ಲಿ ಹೇರ್ ಒಪ್ಪಿಕೊಂಡರು. ಅಂಥವರು ವಿರಳ ಎಂಬುದೇ ಅವರ ಸಮಾಧಾನ. ಆ ಪ್ರಾಮಾಣಿಕತೆಗೆ ತಲೆಬಾಗುತ್ತೇನೆ, ಸಮಾಧಾನಕ್ಕಲ್ಲ.

ಫಿಲಿಪ್ಪಾ ಫುಟ್ ಸೆರೆಶಿಬಿರ ಕಂಡವರಲ್ಲ, 1945ರಲ್ಲಿ ನಾಜಿ ಶಿಬಿರಗಳ ಚಿತ್ರಗಳನ್ನು ಕಂಡವರು. ಅಷ್ಟೇ ಸಾಕಾಯಿತು. ಇದು ಕೆಟ್ಟದ್ದೆನ್ನುವುದು ನನ್ನ ಮನೋಭಾವ, ಒಳ್ಳೆಯದೆನ್ನುವುದು ನಾಜಿಯ ಮನೋಭಾವ ಎಂದು ಕೈತೊಳೆದುಕೊಳ್ಳಲು ಅವರಿಗೆ ಆಗಲಿಲ್ಲ. 2001ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಅವರ 'ನ್ಯಾಚುರಲ್ ಗುಡ್‌ನೆಸ್' ಪುಸ್ತಕ ಬಂತು. ಮರದ ಬೇರು ಗಟ್ಟಿಯೋ ಟೊಳ್ಳೋ ಎಂಬುದು ನೋಡುವವರ ಮರ್ಜಿಯಲ್ಲ. ಆ ಬಗೆಯ ಮರ ಹೇಗೆ ಬದುಕುತ್ತದೆ ಎಂಬುದರ ಮೇಲೆ ನಿಂತದ್ದು. ನ್ಯಾಯ, ಕೊಟ್ಟ ಮಾತು ಇಲ್ಲದೆ ಮನುಷ್ಯರು ಒಟ್ಟಿಗೆ ಬಾಳಲಾರರು; ಹಾಗಾಗಿ ಅವುಗಳ ಕೊರತೆಯೂ ನಿಜವಾದ ಊನವೇ ಎಂಬುದು ಅವರ ವಾದ.

ನನ್ನ ಒಲವು ಫುಟ್ ಕಡೆಗೆ. ಆದರೆ ಕೂಡಿ ಬೇಟೆಯಾಡುವ ತೋಳಗಳನ್ನು ಅವರು ಉದಾಹರಿಸಿದಾಗ ತಡವರಿಸುತ್ತೇನೆ. ಹಿಂಡಿನೊಳಗಿನ ನಿಷ್ಠೆ ಶಿಬಿರದ ಕಾವಲುಗಾರರಲ್ಲೂ ಇದ್ದೀತು. ಹಿಂಡಿನಾಚೆಯವನಿಗೆ ನ್ಯಾಯ ಸಲ್ಲಬೇಕೆಂಬುದನ್ನು ಬರೀ ನಮ್ಮ ಸ್ವಭಾವದಿಂದ ಹೊರಡಿಸುವುದು ಹೇಗೆ? ಅದೇ ಪುಸ್ತಕದಲ್ಲಿ, ಬೇರೊಂದು ಚರ್ಚೆಯ ನಡುವೆ, ನಾಜಿಗಳ ಎಸ್‌ಎಸ್ ಪಡೆ ಸೇರಲು ಒಲ್ಲೆನೆಂದು ಮರಣದಂಡನೆಗೆ ಗುರಿಯಾದ ಹಳ್ಳಿ ಹುಡುಗನೊಬ್ಬನ ಪತ್ರದ ಪ್ರಸ್ತಾಪ ಬರುತ್ತದೆ. ಅವನ ಹಿಂಡು ಅವನನ್ನು ಕರೆದಿತ್ತು, ಅವನು ಹೋಗಲಿಲ್ಲ. ಫುಟ್ ತಮ್ಮ ವಾದವನ್ನು ತೋಳಗಳಿಂದಲ್ಲ, ಈ ಹುಡುಗನಿಂದ ಶುರುಮಾಡಬೇಕಿತ್ತು.