ಕರೆಂಟಿಗಿಲ್ಲದ ಗಡಿ, ಕೈಗಳಿಗೇಕೆ?

ನಾಗಪುರದಿಂದ ಸಾವನೇರ್ ರಸ್ತೆ ಹಿಡಿದರೆ ಊರು ಮುಗಿಯುವಷ್ಟರಲ್ಲಿ ಕೋರಾಡಿಯ ಚಿಮಣಿಗಳು ಕಾಣಿಸುತ್ತವೆ. ಇಲ್ಲಿ ಮಹಾಲಕ್ಷ್ಮಿ ಜಗದಂಬೆಯ ದೇವಸ್ಥಾನವಿದೆ, ನವರಾತ್ರಿಗೆ ದೊಡ್ಡ ಜಾತ್ರೆ ಸೇರುತ್ತದೆ. ಹತ್ತಿರದಲ್ಲೇ ಮಹಾರಾಷ್ಟ್ರದ ಸರ್ಕಾರಿ ಕಂಪನಿ ಮಹಾಜೆನ್‌ಕೋದ ಉಷ್ಣ ವಿದ್ಯುತ್ ಸ್ಥಾವರ. 1970ರ ದಶಕದಲ್ಲಿ ಶುರುವಾದ ಈ ಸ್ಥಾವರಕ್ಕೆ ಕಳೆದ ದಶಕದಲ್ಲಿ 660 ಮೆಗಾವ್ಯಾಟಿನ ಮೂರು ಘಟಕಗಳು ಸೇರಿದವು. ಇನ್ನೆರಡು ಘಟಕಗಳ ಪ್ರಸ್ತಾಪದ ಮೇಲೆ 2023ರ ಮೇ ತಿಂಗಳಲ್ಲಿ ಸಾರ್ವಜನಿಕ ವಿಚಾರಣೆಯೂ ನಡೆಯಿತು.

ಇಂಥ ಊರುಗಳಲ್ಲಿ ಎರಡು ಮರಾಠಿ ಪದಗಳು ಸದಾ ಎದುರುಬದುರು ನಿಂತಿರುತ್ತವೆ. ಒಂದು ‘ಪ್ರಕಲ್ಪಗ್ರಸ್ತ’, ಯೋಜನೆಗಾಗಿ ಭೂಮಿ ಕಳೆದುಕೊಂಡವನು. ಇನ್ನೊಂದು ‘ಪರಪ್ರಾಂತೀಯ’, ಬೇರೆ ಪ್ರಾಂತ್ಯದಿಂದ ಕೆಲಸಕ್ಕೆ ಬಂದವನು. ಮೊದಲನೆಯವನು ಕೇಳುವುದು, ‘ನನ್ನ ಹೊಲದಲ್ಲಿ ನಿಂತ ಕಾರ್ಖಾನೆಯಲ್ಲಿ ನನ್ನ ಮಗನಿಗೆ ಯಾಕೆ ಕೆಲಸವಿಲ್ಲ?’ ಎಂದು. ನ್ಯಾಯವಾದ ಪ್ರಶ್ನೆ. ಉತ್ತರ ಹೇಳಬೇಕಾದವರು ಮಾತ್ರ ಸುಮ್ಮನಿರುತ್ತಾರೆ, ಬೈಗುಳ ಎರಡನೆಯವನ ತಲೆಗೆ ಬೀಳುತ್ತದೆ.

ವಿಚಿತ್ರವೆಂದರೆ ಸ್ಥಾವರ ಉತ್ಪಾದಿಸುವ ಸರಕಿಗೆ ಪ್ರಾಂತ್ಯವೇ ಇಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ನಡುವಿನ 765 ಕೆವಿ ಮಾರ್ಗ ಚಾಲೂ ಆದಾಗ ದಕ್ಷಿಣದ ವಿದ್ಯುತ್ ಜಾಲ ದೇಶದ ಉಳಿದ ಜಾಲದೊಂದಿಗೆ ಬೆಸೆದುಕೊಂಡಿತು. ಅಂದಿನಿಂದ ಕೋರಾಡಿಯ ಟರ್ಬೈನೂ ರಾಯಚೂರಿನ ಶಕ್ತಿನಗರದ ಟರ್ಬೈನೂ ಒಂದೇ ಆವರ್ತನಕ್ಕೆ ತಾಳ ಹಾಕುತ್ತಿವೆ. ಕಲ್ಲಿದ್ದಲೂ ಹಾಗೆಯೇ. ನಾಗಪುರದ ದಕ್ಷಿಣಕ್ಕಿರುವ ಚಂದ್ರಪುರ ಜಿಲ್ಲೆಯ ಬಾರಾಂಜ್ ಗಣಿಯನ್ನು ಕೇಂದ್ರ ಹಂಚಿಕೊಟ್ಟಿರುವುದು ಕರ್ನಾಟಕ ವಿದ್ಯುತ್ ನಿಗಮಕ್ಕೆ. ಮರಾಠಿ ನೆಲದ ಕಲ್ಲಿದ್ದಲು ಕನ್ನಡದ ಮನೆಗಳಲ್ಲಿ ದೀಪವಾದರೆ ಅದನ್ನು ಯಾರೂ ಪರಪ್ರಾಂತೀಯ ಎನ್ನುವುದಿಲ್ಲ.

ಅದೇ ರಾಯಚೂರಿನಿಂದ ಮನುಷ್ಯ ಹೊರಟರೆ ಕಥೆ ಬೇರೆ. ರಾಯಚೂರು, ಯಾದಗಿರಿ, ಕಲಬುರಗಿ ಸೀಮೆಯಲ್ಲಿ ಇದಕ್ಕೆ ‘ಗುಳೆ’ ಎನ್ನುತ್ತಾರೆ. ಮಳೆ ಕೈಕೊಟ್ಟಾಗ, ಸುಗ್ಗಿ ಮುಗಿದಾಗ, ಮನೆಗೆ ಮುದುಕರನ್ನು ಕಾವಲಿಟ್ಟು ಮಕ್ಕಳುಮರಿ ಸಮೇತ ಗಂಟುಮೂಟೆ ಕಟ್ಟುವ ಚಿತ್ರ ಆ ಒಂದು ಪದದಲ್ಲಿದೆ. ಮುಂಬೈ, ಪುಣೆ, ಗೋವಾ, ಹೈದರಾಬಾದ್, ಬೆಂಗಳೂರು ಇವರ ದಾರಿಗಳು. ಕೋರಾಡಿಯಂಥ ಊರಿನಲ್ಲಿ ಬಿಹಾರ, ಜಾರ್ಖಂಡ್, ಛತ್ತೀಸಗಡದವರು ಏನಾಗಿದ್ದಾರೋ ಪುಣೆಯ ಕಟ್ಟಡಗಳಲ್ಲಿ ಇವರು ಅದೇ ಆಗಿದ್ದಾರೆ. 1960ರ ದಶಕದ ಮುಂಬೈಯಲ್ಲಿ ದಕ್ಷಿಣದವರ ವಿರುದ್ಧ ಎದ್ದ ಕೂಗು ಉಡುಪಿ ಹೋಟೆಲುಗಳನ್ನೂ ಬಿಟ್ಟಿರಲಿಲ್ಲ. ಬೆಂಗಳೂರಿನಲ್ಲಿ ‘ಹೊರಗಿನವರು’ ಎಂಬ ಮಾತು ಬಂದಾಗ ಕನ್ನಡಿಗರು ಈ ಇನ್ನೊಂದು ಬದಿಯನ್ನು ಮರೆಯುತ್ತಾರೆ.

2020ರಲ್ಲಿ ಕರ್ನಾಟಕ ಸರ್ಕಾರ ಎರಡೂ ಬದಿಯನ್ನು ಒಂದೇ ತಿಂಗಳಲ್ಲಿ ತೋರಿಸಿತು. ಮೇ 5ರಂದು ಬಿಲ್ಡರುಗಳ ಜೊತೆ ಮುಖ್ಯಮಂತ್ರಿಯ ಸಭೆ ನಡೆಯಿತು. ಅದರ ಬೆನ್ನಿಗೇ, ಉತ್ತರದ ಕಾರ್ಮಿಕರನ್ನು ಊರಿಗೆ ಕರೆದೊಯ್ಯಬೇಕಿದ್ದ ರೈಲುಗಳು ಬೇಡವೆಂದು ಸರ್ಕಾರ ರೈಲ್ವೆಗೆ ಬರೆಯಿತು. ಎಲ್ಲ ಕಡೆಯಿಂದ ಟೀಕೆ ಬಂದ ಮೇಲೆ ಆ ನಿರ್ಧಾರ ಬದಲಾಯಿತು. ಮೇ 18ರಂದು ಮಹಾರಾಷ್ಟ್ರವೂ ಸೇರಿ ಕೆಲವು ರಾಜ್ಯಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲ ಎಂದಿತು. ಹಾಗೆ ಬರಬೇಕಿದ್ದವರಲ್ಲಿ ಮಂಡ್ಯದಿಂದ, ಕಲಬುರಗಿಯಿಂದ ಮುಂಬೈಗೆ ದುಡಿಯಲು ಹೋದವರಿದ್ದರು. ಹೊರಗಿನವರಿಗೆ ಹೋಗಲು ಬಿಡಲಿಲ್ಲ, ಒಳಗಿನವರಿಗೆ ಬರಲು ಬಿಡಲಿಲ್ಲ. ಎರಡರ ಹಿಂದಿದ್ದ ಲೆಕ್ಕ ಒಂದೇ: ದುಡಿಮೆ ಬೇಕು, ದುಡಿಯುವವನ ಹೊರೆ ಬೇಡ.

ಸಂವಿಧಾನದ 19ನೇ ವಿಧಿ ದೇಶದೊಳಗೆ ಎಲ್ಲಿಗಾದರೂ ಹೋಗುವ, ನೆಲೆಸುವ, ದುಡಿಯುವ ಹಕ್ಕು ಕೊಟ್ಟಿದೆ. ಆದರೆ ಉಳಿದ ಹಕ್ಕುಗಳೆಲ್ಲ ಊರಿನ ಗೂಟಕ್ಕೆ ಕಟ್ಟಿಹಾಕಿದಂತಿವೆ. ‘ಒಂದು ದೇಶ ಒಂದು ಪಡಿತರ ಚೀಟಿ’ ಬಂದಿದೆ, ಒಳ್ಳೆಯದೇ. ಅದರಲ್ಲಿ ಸಿಗುವುದು ಆಹಾರ ಭದ್ರತಾ ಕಾಯ್ದೆಯ ಪಾಲು ಮಾತ್ರ. ತವರು ರಾಜ್ಯ ತನ್ನ ಕಡೆಯಿಂದ ಸೇರಿಸುವ ಅಕ್ಕಿ ಗಡಿ ದಾಟುವುದಿಲ್ಲ. ಕಟ್ಟಡ ಕಾರ್ಮಿಕರಿಗೆ ಕಲ್ಯಾಣ ಮಂಡಳಿ ಇದೆ. ನೋಂದಣಿಗೆ ವರ್ಷದಲ್ಲಿ 90 ದಿನ ಕೆಲಸ ಮಾಡಿದ ಪುರಾವೆ ಬೇಕು; ಮೂರು ಗುತ್ತಿಗೆದಾರರ ಕೈ ಬದಲಾದವನಿಗೆ ಆ ಕಾಗದ ಕೊಡುವವರು ಯಾರು? ಅದೂ ಆತನಿಗೆ ಓದಲು ಬಾರದ ಭಾಷೆಯಲ್ಲಿ. ಮತ ಊರಿನಲ್ಲೇ ಉಳಿಯುತ್ತದೆ. 2023ರ ಜನವರಿಯಲ್ಲಿ ಚುನಾವಣಾ ಆಯೋಗ ದೂರ ಮತದಾನದ ಯಂತ್ರವನ್ನು ಪಕ್ಷಗಳ ಮುಂದಿಟ್ಟಿತು, ಆಕ್ಷೇಪಗಳ ನಡುವೆ ವಿಷಯ ಅಲ್ಲಿಗೇ ನಿಂತಿತು. ಇನ್ನು ಮಕ್ಕಳು: ಕನ್ನಡದಲ್ಲಿ ಅಕ್ಷರ ಕಲಿಯುತ್ತಿದ್ದ ಹುಡುಗಿ ದೀಪಾವಳಿಯ ನಂತರ ಮರಾಠಿ ತರಗತಿಯಲ್ಲಿ ಮೂಕಳಾಗಿ ಕೂರುತ್ತಾಳೆ. ಮುಂಗಾರಿಗೆ ಊರಿಗೆ ಮರಳಿದಾಗ ಎರಡೂ ಲಿಪಿ ಅರ್ಧಂಬರ್ಧ. ಶಾಲೆ ಅವಳನ್ನು ‘ದಡ್ಡಿ’ ಎನ್ನುತ್ತದೆ.

1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಐದು ಜನರಿದ್ದರೂ ಅನ್ವಯಿಸುತ್ತಿತ್ತು. ಊರು ಬಿಟ್ಟು ಬಂದದ್ದಕ್ಕೆ ತಿಂಗಳ ಕೂಲಿಯ ಅರ್ಧದಷ್ಟು ಸ್ಥಳಾಂತರ ಭತ್ಯೆಯನ್ನೂ ಕೊಡಿಸಬೇಕಿತ್ತು. ಹೆಚ್ಚಿನ ಕಡೆ ಅದು ಕಾಗದದಲ್ಲೇ ಉಳಿಯಿತು. ಅದರ ಜಾಗಕ್ಕೆ ಬಂದ 2020ರ ಸಂಹಿತೆ, ಗುತ್ತಿಗೆದಾರನಿಲ್ಲದೆ ತಾನಾಗಿ ಬಂದವನನ್ನೂ ವಲಸೆ ಕಾರ್ಮಿಕ ಎಂದು ಒಪ್ಪಿಕೊಂಡಿತು. ಅದೇ ಕೈಯಲ್ಲಿ ಮಿತಿಯನ್ನು ಹತ್ತು ಜನಕ್ಕೆ ಏರಿಸಿತು, ಸ್ಥಳಾಂತರ ಭತ್ಯೆಯನ್ನು ಕೈಬಿಟ್ಟಿತು.

ಇಲ್ಲಿಗೆ ಪ್ರಕಲ್ಪಗ್ರಸ್ತನ ಪ್ರಶ್ನೆಗೆ ಮರಳಬಹುದು. ಗುತ್ತಿಗೆದಾರನಿಗೆ ದೂರದವನು ಯಾಕೆ ಇಷ್ಟ? ಹೊರಗಿನವನು ಹೆಚ್ಚು ಕಷ್ಟಪಡುತ್ತಾನೆ ಎನ್ನುವುದು ಅರ್ಧ ಉತ್ತರ. ಆತ ಹನ್ನೆರಡು ಗಂಟೆ ದುಡಿದರೂ ಪಂಚಾಯ್ತಿಗೆ ದೂರು ಕೊಡುವುದಿಲ್ಲ. ಅಲ್ಲಿ ಆತನಿಗೆ ಮತವಿಲ್ಲ. ಗಾಯವಾದರೆ ಬಸ್ಸು ಹತ್ತಿಸಿ ಕಳಿಸಬಹುದು. ಬೆನ್ನಿಗೆ ನಿಲ್ಲಲು ನೆಂಟರಿಲ್ಲ. ಅಗ್ಗವಾಗಿರುವುದು ಆತನ ಬೆವರಲ್ಲ, ಆತನ ನಿರುಪಾಯ. ಅದು ಇರುವವರೆಗೆ ಕೋರಾಡಿಯ ಹುಡುಗ ಆತನೊಂದಿಗೆ ಪೈಪೋಟಿ ಮಾಡಿ ಗೆಲ್ಲಲಾರ. ಸ್ಥಳೀಯರಿಗೆ ಇಷ್ಟು ಪಾಲು ಎಂದು ಕಾನೂನು ಬರೆಯುವುದು ಸುಲಭವೆನಿಸುತ್ತದೆ. ಕರ್ನಾಟಕದ ಸಂಪುಟ ಅಂಥ ಮಸೂದೆಗೆ 2024ರ ಜುಲೈನಲ್ಲಿ ಒಪ್ಪಿಗೆ ಕೊಟ್ಟು, ಉದ್ಯಮಗಳು ಗದ್ದಲವೆಬ್ಬಿಸಿದ ಕೂಡಲೇ ತಡೆಹಿಡಿಯಿತು. ಪಾಲಿನ ಕಾನೂನು ಬಂದರೂ ನಿರುಪಾಯದ ಮೇಲೆ ನಡೆಯುವ ಲಾಭಕ್ಕೆ ಅದು ಕೈಹಾಕುವುದಿಲ್ಲ.

ಆದ್ದರಿಂದ ವಲಸೆಗಾರನ ಹಕ್ಕು ಆತನಿಗೆ ತೋರುವ ದಯೆಯಲ್ಲ, ಸ್ಥಳೀಯನಿಗೂ ಕಾವಲು. ಇಬ್ಬರಿಗೂ ಒಂದೇ ಕೂಲಿ, ಒಂದೇ ವಿಮೆ, ಇಬ್ಬರಿಗೂ ಅರ್ಥವಾಗುವ ಭಾಷೆಯಲ್ಲಿ ಹಾಜರಿ ಚೀಟಿ ಇದ್ದರೆ ಗುತ್ತಿಗೆದಾರನಿಗೆ ದೂರದವನು ಅಗ್ಗವಾಗಿ ಉಳಿಯುವುದಿಲ್ಲ. ಆಗ ಕೆಲಸ ಯಾರಿಗೆ ಎಂಬುದು ಕೌಶಲದ ಪ್ರಶ್ನೆಯಾಗುತ್ತದೆ. ಕಲ್ಯಾಣ ಮಂಡಳಿಯ ನೋಂದಣಿ ರಾಜ್ಯದಿಂದ ರಾಜ್ಯಕ್ಕೆ ಸಾಗಲಿ. ಕರ್ನಾಟಕ, ಮಹಾರಾಷ್ಟ್ರಗಳು ಕೂತು ಮಾತಾಡಿದರೆ ಗುಳೆ ಹೋಗುವ ಮಕ್ಕಳ ಪಾಠದ ದಾಖಲೆ ಮಕ್ಕಳ ಜೊತೆಗೇ ಹೋಗುವಂತೆ ಮಾಡುವುದು ದೊಡ್ಡ ಕೆಲಸವೇನಲ್ಲ. 765 ಕೆವಿ ತಂತಿ ಎಳೆಯುವುದಕ್ಕಿಂತ ಅದು ಖಂಡಿತ ಸುಲಭ.